ಸಪ್ಪಳವಿಲ್ಲದ ಗಾಡಿಗೆ ನಾಲ್ಕು ನಿಂಬೆಹಣ್ಣು

ಶಹಾಪುರದ ವಿಶ್ವರಾಧ್ಯ ಸಾಹುಕಾರರ ಹತ್ತಿ ಮಿಲ್ಲಿಗೆ ಬಂದ ಒಂದೊಂದು ಗಾಡಿಯೂ ಡ್ರೈವರ್ ರಂಗಣ್ಣನ ಕೈಯಿಂದಲೇ ನಿಂಬೆಹಣ್ಣು ದಾಟಿದೆ. ಮೊದಲಿನ ಜೀಪು, ಅದರ ನಂತರದ ವ್ಯಾನು, ಈಗಿರುವ ಡೀಸೆಲ್ ಕಾರು, ಎಲ್ಲವೂ. ಹೊಸ ಗಾಡಿಯ ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹಣ್ಣಿನ ಮೇಲೆ ಗಾಡಿ ಹಾಯಿಸುವುದು ಎಲ್ಲ ಕಡೆ ಇರುವ ಪದ್ಧತಿಯೇ. ಆದರೆ ಈ ಮನೆಯಲ್ಲಿ ಅದಕ್ಕೊಂದು ಬಾಲ ಅಂಟಿಕೊಂಡಿತ್ತು: ಹಣ್ಣು ಒಡೆದವನ ಕೈಗೇ ಗಾಡಿ, ಬೇರೆಯವರು ಓಡಿಸುವಂತಿಲ್ಲ. ಈ ಬಾಲ ಅಂಟಿಸಿದವರು ಸಾಹುಕಾರರ ತಾಯಿ ಬಸವೇಶ್ವರಿ ಅವ್ವಾರು. ಅವರ ಮಾತು ಮೀರುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿಲ್ಲ ಬಿಡಿ.

ಹೀಗಿರುವಾಗ ಸಾಹುಕಾರರು ಕರೆಂಟಿನ ಕಾರು ಬುಕ್ ಮಾಡಿದರು. ಅದೂ ಸಾದಾ ಕಾರಲ್ಲ. ಕಾಲು ಒತ್ತಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ನೂರರ ವೇಗ ಮುಟ್ಟುವ ಕಾರು. ಹೈದರಾಬಾದಿನ ಶೋರೂಮಿನವರು ಅದರಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹಾಕಿಸಿದ್ದೇ ತಡ, ಐವತ್ತು ದಾಟಿದ ಮನುಷ್ಯ ಹೊಸ ಬುಗುರಿ ಸಿಕ್ಕ ಹುಡುಗನಂತಾಗಿ ಬಂದರು. ಆ ಖುಷಿಯಲ್ಲೇ ಒಂದು ಮಾತು ಅಂದುಬಿಟ್ಟರು.

“ರಂಗಣ್ಣ, ಆ ಗಾಡಿ ನಾನ ಹೊಡೀತೀನಿ. ನಿನಗೂ ವಯಸ್ಸಾತು. ಮಿಲ್ಲಿನ ಗೇಟಿನಾಗ ಕುರ್ಚಿ ಹಾಕಸ್ತೀನಿ, ಆರಾಮ ಕುಂದರು.”

“ಹೌದ್ರಿ,” ಎಂದ ರಂಗಣ್ಣ. ಉಪ್ಪು ತಿಂದ ಮನೆ, ಇನ್ನೇನು ಅನ್ನುತ್ತಾನೆ?

ಒಳಗಿನಿಂದ ಬಸವೇಶ್ವರಿ ಅವ್ವಾರ ದನಿ ಬಂತು. “ಹಣ್ಣಿನ ಶಾಸ್ತ್ರ ಯಾರು ಮಾಡವ್ರು? ನಮ್ಮ ಮನಿ ಗಾಡಿ ಹಣ್ಣು ದಾಟೂದು ರಂಗನ ಕೈಲೆ.”

ಸಾಹುಕಾರರು ಹುಳ್ಳಗೆ ನಕ್ಕರು. “ಆಗ್ಲೇಳವ್ವ. ರಂಗಣ್ಣನ ಹಾಯಿಸ್ಲಿ. ಬರೋಬರ್ ಹಾಯಿಸಿದ್ರ ಗಾಡಿ ಅವನ ಕೈಗೆ. ತಪ್ಪಿದ್ರ ಗೇಟು.”

ಆ ರಾತ್ರಿ ರಂಗಣ್ಣ ಊಟಕ್ಕೆ ಕೂತು ರೊಟ್ಟಿಯನ್ನು ಬರೀ ಮುರಿಯುತ್ತಿದ್ದ. ಹೆಂಡತಿ ಮಾನಮ್ಮ ಸಂಗತಿ ಕೇಳಿ, “ಗೇಟಿನಾಗ ಕುಂತ್ರ ಏನಾತ್ರೀ? ನೆರಳು ಇರ್ತದ, ಹೊತ್ತಿಗೆ ಸರಿಯಾಗಿ ಊಟ ಆಗ್ತದ,” ಎಂದಳು.

“ನಿನಗ ತಿಳಿಯಂಗಿಲ್ಲ ಬಿಡು. ನಮ್ಮೂರು ಬೋನಾಳಕ್ಕ ಹೋದ್ರ ಸಣ್ಣ ಹುಡುಗ್ರೂ ಡ್ರೈವರ್ ಕಾಕಾ ಅಂತಾವ. ದಿನಾ ಮುಂಜಾನಿ ಚಾಲೂ ಮಾಡಿ ಸಾಹುಕಾರ್ರಿಗಿ ‘ಎಲ್ಲಿಗ್ರಿ’ ಅಂತ ಕೇಳ್ತೀನಿ. ಆ ಕುರ್ಚಿ ಮ್ಯಾಲ ಕುಂತು ಯಾರಿಗಿ ಕೇಳ್ಲಿ?”

ಮಾನಮ್ಮ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.

ಕಾರು ಯುಗಾದಿಗೆ ಬರಬೇಕಿತ್ತು. ಸಾಹುಕಾರರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ; ಮಿಲ್ಲಿನ ಅಂಗಳದಲ್ಲಿ ತಗಡಿನ ಶೆಡ್ಡು ಎಬ್ಬಿಸಿದರು, ಚಾರ್ಜಿಂಗಿಗೆ ಬೇರೆ ಲೈನು ಎಳೆಸಿದರು. ಯುಗಾದಿ ಹೋಯಿತು, ಕಾರಿಲ್ಲ. ಹಡಗಿನಲ್ಲಿದೆ ಅಂದರು. ಶ್ರಾವಣದಲ್ಲಿ ಕೇಳಿದರೆ ಬಂದರಿನಲ್ಲಿದೆ ಅಂದರು. ಖಾಲಿ ಶೆಡ್ಡಿನಲ್ಲಿ ಮಿಲ್ಲಿನ ಬೆಕ್ಕು ಮರಿ ಹಾಕಿತು. ಸಾಹುಕಾರರು ಫೋನಿನಲ್ಲಿ ಬೈದು ಬೈದು ದನಿ ಕಳೆದುಕೊಂಡರೆ, ಗಾಡಿ ಮುಂದಕ್ಕೆ ಹೋದಷ್ಟೂ ರಂಗಣ್ಣನ ಹೊಟ್ಟೆ ತಣ್ಣಗಾಗುತ್ತಿತ್ತು. ಪಾಪದ ಆಸೆ ಅಂತ ಅವನಿಗೂ ಗೊತ್ತು. ಆದರೂ ತಣ್ಣಗಾಗುತ್ತಿತ್ತು.

ಹಾಗಂತ ಕೈಕಟ್ಟಿ ಕೂತವನಲ್ಲ. ರಜೆ ಸಿಕ್ಕಾಗಲೆಲ್ಲ ಯಾದಗಿರಿ ಬಸ್ಸು ಹತ್ತಿ ಹಳೆಯ ಗೆಳೆಯ ಮೌಲಾಲಿಯ ಹತ್ತಿರ ಹೋಗುತ್ತಿದ್ದ. ಮೌಲಾಲಿ ಡೀಸೆಲ್ ಆಟೋ ಮಾರಿ ಕರೆಂಟಿನ ಆಟೋ ತೆಗೆದುಕೊಂಡಿದ್ದ.

“ಅರೆ ರಂಗಣ್ಣ, ಹುಚ್ಚ ಹಿಡದದೇನು? ಇದು ಆಟೋ ಅದ. ನಿಮ್ಮ ಸಾಹುಕಾರ್ರ ಗಾಡಿ ಅಂದ್ರ ವಿಮಾನ ಇದ್ದಂಗ.”

“ಎರಡೂ ಕುಡಿಯೂದು ಕರೆಂಟೇ ಅಲ್ಲೇನು? ಸರಕೊ.”

ಹಾಗೆ ರಂಗಣ್ಣ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಮಂದಿಯನ್ನು ಹೊತ್ತು ತಿರುಗಿದ. ಆಟೋದಲ್ಲಿ ಗೇರು ಅಂದರೆ ಒಂದು ಗುಂಡಿ. ಮೇಲಕ್ಕೆ ಒತ್ತಿದರೆ ಮುಂದೆ, ಕೆಳಕ್ಕೆ ಒತ್ತಿದರೆ ಹಿಂದೆ. ಕೆಲವೇ ವಾರದಲ್ಲಿ ಅದು ಅವನ ಕೈಗೆ ಅಂಟಿಕೊಂಡಿತು. ಕರೆಂಟಿನ ಗಾಡಿ ಕಲಿತೆ ಅಂದುಕೊಂಡು ಮೀಸೆ ತಿರುವಿದ.

ದೀಪಾವಳಿ ಮುಗಿದು ಮಿಲ್ಲಿಗೆ ಹತ್ತಿ ಬರತೊಡಗಿದ ಹೊತ್ತಿನಲ್ಲಿ ಕಾರು ಬಂತು, ಲಾರಿಯ ಬೆನ್ನ ಮೇಲೆ ಕೂತು. ಗಿಣಿ ಹಸಿರಿನ ಕಾರು. ತಂದವನು ಅದನ್ನು ಇಳಿಸಿ ಶೆಡ್ಡಿನ ಮುಂದೆ ನಿಲ್ಲಿಸಿ, ಸ್ಟೇರಿಂಗಿನ ಮಗ್ಗುಲ ಗೇರಿನ ಕಡ್ಡಿ ತೋರಿಸಿ ಹಿಂದಿಯಲ್ಲಿ ಏನೇನೋ ಪಟಪಟ ಹೇಳಿದ. ರಂಗಣ್ಣ ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದ. ಅಲ್ಲೇ ಎಡವಟ್ಟಾದದ್ದು ನೋಡಿ.

ಹಮಾಲರು, ಹತ್ತಿ ತಂದ ರೈತರು, ಓಣಿಯ ಮಂದಿ ಕಾರಿನ ಮುಂದೆ ಜಾತ್ರೆ ನೆರೆದಂತೆ ನೆರೆದರು. ಹಿಂದುಗಡೆ ಆಳೆತ್ತರದ ಹತ್ತಿಯ ರಾಶಿ. ಬಸವೇಶ್ವರಿ ಅವ್ವಾರು ಕುಂಕುಮ ಹಚ್ಚಿ, ಹಣ್ಣು ಇಡಿಸಿ, ತಾವೇ ಮೊದಲು ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಕಾಯಿ ಒಡೆಯಿತು. ರಂಗಣ್ಣ ಸ್ಟೇರಿಂಗಿಗೆ ಕೈಮುಗಿದು ಒಳಗೆ ಕೂತ.

ಸಪ್ಪಳವೇ ಇಲ್ಲ; ಮೌಲಾಲಿಯ ಆಟೋ ಆದರೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಚಾಲೂ ಆಗಿದೆಯೋ ಇಲ್ಲವೋ? ಅಭ್ಯಾಸದಂತೆ ಕಡ್ಡಿಯನ್ನು ಮೇಲಕ್ಕೆ ಒತ್ತಿದ. ಮುಂದಿನ ದೊಡ್ಡ ಪರದೆಯಲ್ಲಿ ಬೆಳ್ಳಗೆ ಮೋಡದಂಥದ್ದೊಂದು ಚಿತ್ರ ಮೂಡಿತು. ಕಂಪನಿಯವರ ಶೋಕಿ ಇರಬೇಕು ಅಂದುಕೊಂಡ. ಅದು ಕಾರಿನ ಹಿಂದಿನ ಕ್ಯಾಮೆರಾ ತೋರಿಸುವ ಹತ್ತಿಯ ರಾಶಿ ಅಂತ ಅವನಿಗೆ ಯಾರು ಹೇಳಬೇಕು? ಆ ಗುಂಯ್ ಸದ್ದಾದರೂ ಕೇಳಲಿ ಅಂತ ಕಾಲು ಸ್ವಲ್ಪ ಒತ್ತಿದ.

ಕಾರು ಹಿಂದಕ್ಕೆ ಚಂಗನೆ ಹಾರಿತು.

ಮಂದಿ ಕಿರುಚುವುದರೊಳಗೆ ಅರ್ಧ ಕಾರು ಹತ್ತಿಯೊಳಗೆ ಹೊಕ್ಕಿತ್ತು. ಮೇಲಿನ ರಾಶಿ ಕುಸಿದು ಗಿಣಿ ಹಸಿರೆಲ್ಲ ಬಿಳಿಯಾಯಿತು. ಆಮೇಲೆ ಹಮಾಲನೊಬ್ಬ ಕಿಸಕ್ಕೆಂದ, ಅಂಗಳವೆಲ್ಲ ನಗತೊಡಗಿತು. ಸಾಹುಕಾರರು ಮಾತ್ರ ನಗಲಿಲ್ಲ. “ಅವ್ವಾ!” ಅಂತ ಓಡಿ ಬಂದರು.

ರಂಗಣ್ಣ ಸ್ಟೇರಿಂಗಿನಿಂದ ಕೈ ತೆಗೆದ. ಇಷ್ಟು ವರ್ಷ ಒಂದು ಕೋಳಿಗೂ ಗಾಲಿ ತಾಗಿಸದವನು ಹಣ್ಣಿನ ಶಾಸ್ತ್ರದ ದಿನವೇ ಮಾನ ಕಳೆದುಕೊಂಡಿದ್ದ. ನಾಚಿಕೆಯಿಂದ ಅಳು ಬಂತು. ಬಾಗಿಲು ತೆಗೆದು, “ಗೇಟಿಗಿ ಹೋಗ್ತೀನ್ರಿ,” ಎಂದು ಒಂದು ಕಾಲು ಕೆಳಗಿಟ್ಟ.

“ಎಲ್ಲಿಗೋ?” ಹಿಂದಿನ ಸೀಟಿನಿಂದ ಅವ್ವಾರು ಗದರಿದರು. ಸೆರಗು ಕೂಡ ಜಾರಿರಲಿಲ್ಲ. “ಹಣ್ಣು ನೋಡು ಮೊದಲ.”

ಎಲ್ಲರೂ ನೋಡಿದರು. ಶೆಡ್ಡಿನ ಮುಂದೆ ನಾಲ್ಕೂ ನಿಂಬೆಹಣ್ಣು ಇಟ್ಟಲ್ಲೇ ದುಂಡಗೆ ಕೂತಿದ್ದವು.

“ಹಣ್ಣು ಒಡದಿಲ್ಲ ಅಂದ್ರ ಶಾಸ್ತ್ರ ಆಗಿಲ್ಲ. ಶಾಸ್ತ್ರ ಆಗಿಲ್ಲ ಅಂದ್ರ ಗಾಡಿ ಇನ್ನೂ ಹೊಂಟಿಲ್ಲ. ಹೊಂಟಿರಲಾರದ ಗಾಡಿ ತಪ್ಪೂದು ಹ್ಯಾಂಗ? ಏ ವಿಶ್ವಾ, ನೀನ ಹೇಳು.”

ಸಾಹುಕಾರರು ಹತ್ತಿ ಸರಿಸಲು ಹಮಾಲರಿಗೆ ಕೈಸನ್ನೆ ಮಾಡಿದರು.

“ನಾ ಇಳಿಯಂಗಿಲ್ಲ. ಒಳಗ ಕುಂದರು ರಂಗಾ.”

ಹಮಾಲರು ಹತ್ತಿ ಸರಿಸಿದರು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ರಂಗಣ್ಣ ಕಾರು ತಂದವನನ್ನು ಕರೆದು, ನಾಚಿಕೆ ಬಿಟ್ಟು, ಕಡ್ಡಿ ಹೇಗೆ ಒತ್ತಬೇಕು ಅಂತ ಮೊದಲಿನಿಂದ ಕೇಳಿ ತಿಳಿದುಕೊಂಡ. ಕೆಳಕ್ಕೆ ಒತ್ತಿದರೆ ಮುಂದೆ. ಆಟೋಕ್ಕೆ ಪೂರಾ ಉಲ್ಟಾ. ಮೌಲಾಲಿಯನ್ನು ಮನಸ್ಸಿನಲ್ಲೇ ನಾಲ್ಕು ಬೈದ.

ಕಾರು ಇರುವೆ ನಡೆದಂತೆ ಮುಂದೆ ಬಂತು. ಮುಂದಿನ ಗಾಲಿ ಹಣ್ಣು ಮುಟ್ಟಿತು. ಪಚಕ್. ರಂಗಣ್ಣ ಬೆಚ್ಚಿದ. ಇಷ್ಟು ಗಾಡಿ ಹಾಯಿಸಿದ್ದರೂ ನಿಂಬೆಹಣ್ಣು ಒಡೆಯುವ ಸದ್ದು ಅವನು ಕೇಳಿರಲೇ ಇಲ್ಲ. ಡೀಸೆಲ್ಲಿನ ಗದ್ದಲ ಎಲ್ಲಿ ಕೇಳಗೊಟ್ಟೀತು? ಇನ್ನೊಂದು ಒಡೆಯಿತು. ಹಿಂದಿನ ಎರಡೂ ಒಡೆದವು. ಒಂದೊಂದನ್ನೂ ಕಿವಿಯಾರೆ ಕೇಳಿ ಕಾರು ನಿಲ್ಲಿಸಿದ.

ಸಾಹುಕಾರರು ಬಲಗಡೆಯ ಬಾಗಿಲ ಹತ್ತಿರ ಬಂದು ನಿಂತರು. ಸ್ಟೇರಿಂಗನ್ನು ನೋಡಿದರು, ಹಿಂದೆ ಕೂತ ತಾಯಿಯನ್ನು ನೋಡಿದರು. ಯುಗಾದಿಯಿಂದ ಕಾದ ಮನುಷ್ಯ, ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕಡೆಗೊಂದು ನಿಟ್ಟುಸಿರು ಬಿಟ್ಟು, ಸುತ್ತು ಹಾಕಿ ಹೋಗಿ, ಎಡಗಡೆಯ ತಮ್ಮ ಯಾವತ್ತಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ರಂಗಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕಡ್ಡಿಯ ಮೇಲೆ ಕೈ ಇಟ್ಟ.

“ಎಲ್ಲಿಗ್ರಿ?” ಎಂದು ಕೇಳಿದ.