ಹಲಗೆಗೆ ಬಿಟ್ಟ ಜಾಗ

ಇವತ್ತು ಸಂಜೆ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಕೆಳಗೆ ಹುಡುಗರು ಒಣ ಹುಲ್ಲಿಗೆ ಬೆಂಕಿ ಹಚ್ಚಿ, ಮೆರವಣಿಗೆಗೆಂದು ಹಲಗೆ ಕಾಸುತ್ತಿದ್ದರು. ಬಿಸಿ ಚರ್ಮದ ಆ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗೆ ಮಾತ್ರ ಅದು ಅಪ್ಪನ ಅಂಗಿಯ ವಾಸನೆ.

ಅಪ್ಪ ಬಾದನಹಟ್ಟಿಯಲ್ಲಿ ಡಂಗುರ ಸಾರುತ್ತಿದ್ದ. ಕಾಲುವೆಗೆ ನೀರು ಬಿಟ್ಟರು, ಪಂಚಾಯ್ತಿ ಸೇರುತ್ತದೆ, ಯಾರದೋ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲವೂ ಅವನ ಬಾಯಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ನಾವಿನ್ನೂ ಮದ್ರಾಸ್ ಸರ್ಕಾರದಲ್ಲಿದ್ದಾಗ, ಅವನ ಮುತ್ತಜ್ಜ ಕುರುಗೋಡಿನಲ್ಲಿ ಕಲೆಕ್ಟರರ ಹುಕುಂ ಸಾರುತ್ತಿದ್ದನಂತೆ, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಅಂದರೆ ನಮ್ಮದು ತಲೆತಲಾಂತರದ ಪ್ರಸಾರ ಇಲಾಖೆ. ಟವರ್ ಒಂದು ಇರಲಿಲ್ಲ, ಅಷ್ಟೇ.

ಅಪ್ಪನದೊಂದು ರೀತಿ. ಒಂದು ಮಾತು ಹೇಳಿ ನಿಲ್ಲುವನು, ಹಲಗೆಗೆ ಒಂದು ಪೆಟ್ಟು ಹಾಕುವನು, ಆಮೇಲೆಯೇ ಮುಂದಿನ ಮಾತು. “ಗಡಿಬಿಡಿ ಮಾಡಬಾರ್ದಪ್ಪ. ಒಲಿ ಮುಂದ ಕುಂತ ಅವ್ವಗ ತಿಳಿಯಾಕ ಹೊತ್ತು ಬೇಕು” ಎನ್ನುವನು.

ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ಬಳ್ಳಾರಿಯ ಹಾಸ್ಟೆಲಿನಲ್ಲಿ ನನ್ನ ಇಂಗ್ಲಿಷ್ ಮೇಷ್ಟ್ರು ಒಬ್ಬ ಅಮೆರಿಕನ್. ಪಾಪ, ಅವರಿಗೆ ಅದು ಗೊತ್ತೇ ಇರಲಿಲ್ಲ! ಶಾರ್ಟ್‌ವೇವ್ ರೇಡಿಯೋದಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಸುದ್ದಿ ಓದುತ್ತಿದ್ದರು. ನಿವೃತ್ತಿಯ ದಿನ ತಮ್ಮ ಕತೆ ಹೇಳಿದರು: ಮೊದಲು ಒಂದು ಸಣ್ಣ ಊರಿನ ರೇಡಿಯೋದಲ್ಲಿ ದನದ ಸಂತೆಯ ಧಾರಣೆ ಓದಿದ್ದು, ಆಮೇಲೆ ದೊಡ್ಡ ಪಟ್ಟಣ, ಟೆಲಿವಿಷನ್ನು, ಕೊನೆಗೆ ಲೋಕಕ್ಕೆಲ್ಲ ಕೇಳುವ ಈ ಕುರ್ಚಿ. ನಾನು ಮಂಚದ ಮೇಲೆ ಎದ್ದು ಕುಳಿತೆ. ದನದ ಧಾರಣೆಯಿಂದ ಅಲ್ಲಿಗೆ ಹೋಗಬಹುದಾದರೆ, ತಪ್ಪಿಸಿಕೊಂಡ ಎಮ್ಮೆಯಿಂದ ಯಾಕೆ ಆಗದು?

ರೇಡಿಯೋ ಕೇಂದ್ರಕ್ಕೆ ಉದ್ಘೋಷಕರು ಬೇಕೆಂದು ತಿಳಿದಾಗ ಅರ್ಜಿ ಹಾಕಿದೆ. ಸಿರುಗುಪ್ಪದಿಂದ ಬಂದಿದ್ದ ರೂಮ್‌ಮೇಟ್ ಬಾಷಾ ನಕ್ಕ: “ಲೇ, ಜ್ವಾಕಿ! ಮೈಕಿನ ಮುಂದ ಹಲಗಿ ಬಡದೀಯ!”

ಅದೇ ಆಯಿತು ನೋಡಿ. ಧ್ವನಿ ಪರೀಕ್ಷೆಯಲ್ಲಿ ಮೊದಲ ವಾಕ್ಯ ಓದಿ ನಿಂತೆ. ಕೈ ತಾನಾಗಿಯೇ ಮೇಜಿಗೆ ಢಣ್ ಎಂದು ಒಂದು ಹಾಕಿತು. ಎರಡನೆಯ ವಾಕ್ಯಕ್ಕೂ ಢಣ್. ಗಾಜಿನ ಆಚೆ ಕೂತಿದ್ದ ಅಧಿಕಾರಿ ಹೆಡ್‌ಫೋನ್ ಕಿತ್ತಿಟ್ಟು ಒಳಗೆ ಬಂದರು.

“ಏನ್ರೀ ಅದು ಸಪ್ಪಳ?”

ಕೆಲಸ ಹೋಯಿತು ಅಂದುಕೊಂಡೆ. ಹೋಗುವುದಾದರೆ ನಿಜ ಹೇಳಿಯೇ ಹೋಗಲಿ. “ನಮ್ಮಪ್ಪ ಡಂಗುರ ಸಾರ್ತಾನ್ರಿ ಸರ್. ಅದು ಹಲಗಿ ಪೆಟ್ಟು.”

ಅವರು ಓದುವ ಹಾಳೆಯನ್ನು ಮತ್ತೆ ನನ್ನ ಮುಂದೆ ಸರಿಸಿದರು. “ಮೇಜು ಬಡಿಯೋದು ಬಿಡ್ರಿ. ನಿಂದ್ರೋದು ಮಾತ್ರ ಬಿಡಬ್ಯಾಡ್ರಿ. ಮತ್ತೊಮ್ಮಿ ಓದ್ರಿ.”

ಓದಿದೆ. ಕೆಲಸ ಸಿಕ್ಕಿತು.

ನನ್ನ ಮೊದಲ ಪ್ರಸಾರದ ದಿನ ಬಾದನಹಟ್ಟಿಯ ಚಹಾದಂಗಡಿಯ ರೇಡಿಯೋ ಮುಂದೆ ಅಪ್ಪ ಹಲಗೆ ಕಾಸಿಕೊಂಡು ನಿಂತಿದ್ದನಂತೆ. ನಾನು ಇಲ್ಲಿ ಒಂದು ಮಾತು ಹೇಳಿ ನಿಂತಾಗಲೆಲ್ಲ ಅವನು ಅಲ್ಲಿ ಒಂದು ಪೆಟ್ಟು ಹಾಕಿದ. “ಒಂದೂ ತಪ್ಪಲಿಲ್ಲ ನೋಡು. ಓಣಿ ಮಂದಿಯೆಲ್ಲಾ ಬಂದು ನಿಂತಿದ್ರು” ಎಂದಳು ಅವ್ವ.

ಇವತ್ತು ಕೆಳಗಿಳಿದು ಹೋದೆ. “ಕಾದೈತೇನ್ರಪ್ಪಾ?” ಎಂದದ್ದೇ ತಡ, ಒಬ್ಬ ಧ್ವನಿ ಹಿಡಿದುಬಿಟ್ಟ. “ಸರ್, ನೀವು ರೇಡಿಯೋದವರಲ್ರಿ? ಏನರ ಒಂದ್ ಹೇಳ್ರಿ!”

ಹಲಗೆಯನ್ನು ಹೆಗಲಿಗೆ ಹಾಕಿಕೊಂಡೆ. “ಕೇಳ್ರಪ್ಪೋ ಕೇಳ್ರಿ, ಬಾದನಹಟ್ಟಿ ಡಂಗುರದವರ ಮಗ ಮಾತಾಡಾಕತ್ತೀನಿ” ಎಂದು ಬೀದಿಗೆಲ್ಲ ಕೇಳುವಂತೆ ಸಾರಿ, ನಿಂತೆ. ಸೇವೆಯುದ್ದಕ್ಕೂ ಖಾಲಿ ಬಿಟ್ಟಿದ್ದ ಆ ಜಾಗದಲ್ಲಿ ಈ ಸಲ ನನ್ನದೇ ಪೆಟ್ಟು ಬಿತ್ತು.