ಮಾಳಿಗೆಯ ಮೇಲಿನ ಕುರಡಗಿ

ನೆನೆದ ಗೋದಿಯ ಹುಳಿ ವಾಸನೆ ಮೂಗಿಗೆ ಬಿದ್ದರೆ ಇಂದಿಗೂ ನನ್ನ ಎದೆ ಡವಡವ ಎನ್ನುತ್ತದೆ. ನಿಮಗದು ಬೇಸಿಗೆಯ ವಾಸನೆ, ಮದುವೆ ಮನೆಯ ವಾಸನೆ ಇರಬಹುದು. ನನಗೆ ಮಾತ್ರ ಹೆದರಿಕೆಯ ವಾಸನೆ. ಎಂಬತ್ತರ ದಶಕದಲ್ಲಿ, ಕಬ್ಬೂರಿನ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡ ಮರುವರ್ಷ, ದಿಗ್ಗೇವಾಡಿಯ ಸೋದರಮಾವ ಬಂದು ಅವ್ವನನ್ನೂ ನನ್ನನ್ನೂ ತನ್ನ ಮನೆಗೆ ಕರೆದೊಯ್ಯುವ ಮಾತು ತೆಗೆದ. ಅವ್ವ ಒಂದು ಬೇಸಿಗೆ ತಡೆ ಎಂದಳು. ಗೋದಿ ಹಾಲಿನ ಸಂಡಿಗೆ, ಕುರಡಗಿ, ಮಾಡಿ ನಿಪ್ಪಾಣಿಯ ಅಂಗಡಿಗೆ ಹಾಕುತ್ತೇನೆ, ಹೊಟ್ಟೆಗೆ ಸಾಲದಿದ್ದರೆ ನೀನು ಹೇಳಿದಂತೆ, ಎಂದಳು. ಮಾವನ ಹೆಂಡತಿಯ ಬಾಯಿ ಎಂಥದ್ದೆಂದು ನನಗೆ ಗೊತ್ತಿತ್ತು. ಅಂದಿನಿಂದ ಆಕಾಶ ನೋಡಿದರೆ ಹೆದರಿಕೆ. ಒಣಗದ ಕುರಡಗಿ ಬೂಷ್ಟು ಹಿಡಿದರೆ ದನವೂ ಮೂಸುವುದಿಲ್ಲ.

ನೆನೆದ ಗೋದಿಯನ್ನು ರುಬ್ಬಿ ಹಿಂಡಿ, ಅದರ ಹಾಲನ್ನು ಕುದಿಯುವ ನೀರಿಗೆ ಸುರಿದು ತಿರುವುತ್ತಲೇ ಇರಬೇಕು, ಕೈ ನಿಂತರೆ ಗಂಟು. ಬಿಸಿಯಿದ್ದಾಗಲೇ ಚಕ್ಕುಲಿ ಒರಳಲ್ಲಿ ಒತ್ತಿ, ಮಾಳಿಗೆಯ ಮೇಲೆ ಹಾಸಿದ ಹಳೆ ಸೀರೆಗಳ ಮೇಲೆ ಎಳೆಎಳೆಯಾಗಿ ಸುತ್ತಿ ಬಿಡಬೇಕು. ಇದಕ್ಕಾಗಿ ಓಣಿಯ ಹೆಂಗಸರು ಮುಯ್ಯಿ ಮಾಡುತ್ತಿದ್ದರು, ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ. ಆದರೆ ಪಕ್ಕದ ಮನೆಯ ಗಂಗಕ್ಕ, "ಉಣ್ಣಾಕ ಮಾಡೂದಕ್ಕ ಮುಯ್ಯಿ ಐತಿ, ಮಾರಾಕಲ್ಲ" ಎಂದುಬಿಟ್ಟಳು. ಆಮೇಲೆ ಯಾರೂ ಬರಲಿಲ್ಲ. ಅವ್ವ ಒಬ್ಬಳೇ ಮಾಡಿದಳು.

ಒಂದು ಮಧ್ಯಾಹ್ನ ಮಾಳಿಗೆಯ ತುಂಬ ಕುರಡಗಿ ಹರಡಿತ್ತು, ಕೆಳಗೆ ಅಂಗಳದಲ್ಲಿ ಕೊನೆಯ ಪಾತ್ರೆ ಕುದಿಯುತ್ತಿತ್ತು. ಒಮ್ಮೆಲೇ ಬಿಸಿಲು ಹೋಗಿ ಗಾಳಿ ಎದ್ದಿತು. ಮೇಲೆ ಕಾವಲಿದ್ದ ನಾನು ಒಂದು ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ. ಅವ್ವ ತಲೆ ಎತ್ತಿ ನೋಡಿದವಳು ಪಾತ್ರೆ ಬಿಟ್ಟು ಮೆಟ್ಟಿಲು ಹತ್ತಿ ಓಡಿ ಬಂದಳು. ಅವಳೂ ಹೆದರುತ್ತಾಳೆಂದು ನನಗೆ ಗೊತ್ತಾದದ್ದು ಆಗಲೇ. ಸೀರೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದು ಎತ್ತಬೇಕು, ಇಲ್ಲದಿದ್ದರೆ ಹಸಿ ಎಳೆಗಳೆಲ್ಲ ಮುದ್ದೆಯಾಗುತ್ತವೆ. ನನ್ನ ಕೈಗೆ ಆ ಭಾರ ಏಳಲೇ ಇಲ್ಲ. ಮೊದಲ ಹನಿ ಬಿದ್ದಾಗ ಪಕ್ಕದ ಮಾಳಿಗೆಯ ಗೋಡೆ ದಾಟಿ ಗಂಗಕ್ಕ ಬಂದಳು. ಅವ್ವನ ಮುಖ ನೋಡದೆ ನನ್ನ ಕೈಯಿಂದ ಸೀರೆ ಕಿತ್ತುಕೊಂಡು, "ಬಿಗಿಯಂಗ ಹಿಡಿ ಬೇ, ಶಾಂತಾ. ಅನ್ನ ನೀರಾಗ ಹೊಂಟೈತಿ" ಎಂದು ಅವ್ವನಿಗೆ ಹೇಳಿದಳು.

ಅಂಗಳದ ಪಾತ್ರೆ ತಳ ಹತ್ತಿತು, ಉಳಿದದ್ದೆಲ್ಲ ಪಡಸಾಲೆ ಸೇರಿತು. ಅಂಗಡಿಯಿಂದ ಬಂದ ಹಣ ನಮ್ಮಿಬ್ಬರ ಹೊಟ್ಟೆಗೆ ಸಾಕಾಯಿತು. ಬೇಸಿಗೆ ಕಳೆದು ಮಾವ ಬಂದವನು ಕರಿದ ಕುರಡಗಿ ತಿಂದು ಒಬ್ಬನೇ ಹಿಂದಿರುಗಿದ. ಮುಂದಿನ ಬೇಸಿಗೆಯಿಂದ ಗಂಗಕ್ಕ ಅವ್ವನ ಜೊತೆಗೇ ಒತ್ತಿದಳು, ಮಾರಿದಳು.

ಈಗ ಆ ಮಾಳಿಗೆ ಇಲ್ಲ, ಅವರಿಬ್ಬರೂ ಇಲ್ಲ. ನನ್ನ ಮನೆಯಲ್ಲಿ ಒಣಗಲು ಹಾಕಿದ್ದು ಏನೂ ಇರುವುದಿಲ್ಲ. ಆದರೂ ಬಿಸಿಲು ಒಮ್ಮೆಲೇ ಹೋದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಮೇಲೆ ಓಡುತ್ತೇನೆ. ಓಡಿ, ಪಕ್ಕದ ಗೋಡೆಯ ಕಡೆ ನೋಡುತ್ತ ನಿಲ್ಲುತ್ತೇನೆ.