ಟೋಟಲ್ ಲಾಸ್ ಆಗಲೊಲ್ಲದ ಟೂ ಸಿವಿ

2024ರ ಏಪ್ರಿಲ್‌ನಲ್ಲಿ ದುಬೈ ಮಳೆನೀರಿನಲ್ಲಿ ಮುಳುಗಿದಾಗ ನಾನು ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಮೋಟಾರ್ ವಿಮೆಯ ಸರ್ವೇಯರ್ ಆಗಿದ್ದೆ. ಹಾಳಾದ ಕಾರು ರಿಪೇರಿಗೋ ಗುಜರಿಗೋ ಎಂದು ತೀರ್ಮಾನಿಸಿ ಸಹಿ ಹಾಕುವುದು ನನ್ನ ಕೆಲಸ. ಆ ವಾರಗಳಲ್ಲಿ ಉಸಿರಾಡಲೂ ಪುರಸೊತ್ತಿರಲಿಲ್ಲ. ನಮ್ಮ ಮ್ಯಾನೇಜರ್ ಸುಲಭದ ದಾರಿ ಹುಡುಕಿದರು: ನೀರು ಸೀಟಿನ ಮೇಲೆ ಬಂದಿದ್ದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತೆಂದು ಬರೆದು ಗುಜರಿಗೆ ಕಳಿಸುವುದು. ಹೊಸ ಕಾರುಗಳ ಮಟ್ಟಿಗೆ ಮಾತು ಸರಿಯೇ. ಅವುಗಳ ಕಂಪ್ಯೂಟರಿಗೆ, ವೈರುಗಳಿಗೆ ನೀರು ಹೊಕ್ಕರೆ ಮುಗಿಯಿತು.

ದುಬೈನದೇ ಕರಾಮ ಬಡಾವಣೆಯ ಸುಮತಿಯಕ್ಕನ ಕಾರಿನ ಫೋಟೊ ನೋಡಿಯೇ ಮ್ಯಾನೇಜರ್ ಹಾಗೆ ಷರಾ ಬರೆದಿದ್ದರು. ನಾನು ಹೋಗಿ ಸಹಿ ಹಾಕಿ ಬಂದರಾಯಿತಂತೆ.

ಸುಮತಿಯಕ್ಕ ಉಡುಪಿ ಕಡೆಯವರು. ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾರೆ. ಊರಿಗೆ ಮರಳಿದ ಫ್ರೆಂಚ್ ಗಿರಾಕಿಯೊಬ್ಬರಿಂದ ಕೊಂಡ 1986ರ ಟೂ ಸಿವಿ ಎಂಬ ಪುಟ್ಟ ಫ್ರೆಂಚ್ ಕಾರಿನಲ್ಲಿ, ಹಿಂದಿನ ಸೀಟು ತೆಗೆದು ಊಟದ ಡಬ್ಬಿ ತುಂಬಿಕೊಂಡು ತಾವೇ ಓಡಿಸುತ್ತಿದ್ದರು. ಕೆಟ್ಟರೆ ಬಿಚ್ಚುವವರೂ ಅವರೇ. ನಾನು ಹೋದಾಗ ಮುಂದಿನ ಸೀಟುಗಳನ್ನೂ ಕಳಚಿ, ತೊಳೆದು, ಬಿಸಿಲಿಗೆ ಇಟ್ಟಿದ್ದರು.

"ಹಣ ಬೇಡ, ನನಗೆ ಕಾರು ಬೇಕು," ಎಂದರು. "ಇದರಲ್ಲಿ ಹಾಳಾಗ್ಲಿಕ್ಕೆ ಎಂತ ಉಂಟು ಮೇಡಂ?"

ಬಾನೆಟ್ ಎತ್ತಿದೆ. ಎರಡೇ ಸಿಲಿಂಡರು. ಎಂಜಿನ್ ತಣಿಸುವುದು ಗಾಳಿ, ಹಾಗಾಗಿ ರೇಡಿಯೇಟರೇ ಇಲ್ಲ. ಕಂಪ್ಯೂಟರಿನ ಮಾತಂತೂ ದೂರ. ಸೀಟೆಂದರೆ ಲೋಹದ ಕೊಳವೆ, ರಬ್ಬರ್ ಪಟ್ಟಿ, ಮೇಲೊಂದು ಬಟ್ಟೆ. 1948ರಲ್ಲಿ ಜನರೆದುರು ಬಂದು 1990ರವರೆಗೆ ತಯಾರಾದ ಈ ಕಾರನ್ನು ಫ್ರಾನ್ಸಿನ ಹಳ್ಳಿಗಾಡಿನ ರೈತರಿಗೆಂದು ಯೋಚಿಸಿದ್ದರು. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದೆಂಬುದು ತಯಾರಕರ ಷರತ್ತಾಗಿತ್ತಂತೆ. ಕೆಸರಿಗೆಂದೇ ಹುಟ್ಟಿದ ಕಾರನ್ನು ಒಂದು ಮಳೆಗೆ ಹೆದರಿ ಗುಜರಿಗೆ ಹಾಕಬೇಕೆ? ನನಗೆ ರೇಗಿತು.

ಸಹಿ ಹಾಕುವುದಿಲ್ಲವೆಂದು ಮ್ಯಾನೇಜರಿಗೆ ಫೋನಿನಲ್ಲೇ ಹೇಳಿದೆ. ನನ್ನ ಕಾಂಟ್ರಾಕ್ಟ್ ಮುಗಿಯುತ್ತ ಬಂದಿದೆಯೆಂದು ನೆನಪಿಸಿದರು. ನೀರು ಸೀಟಿನ ಮೇಲೆ ಬಂದಿದೆಯಲ್ಲ, ಖಲಾಸ್ ಎಂದರು. ಹಾಗಾದರೆ ಸೀಟನ್ನೇ ನೋಡಲಿ ಎಂದು ಒಂದನ್ನು ನನ್ನ ಕಾರಿಗೆ ಹಾಕಿಕೊಂಡು, ಸುಮತಿಯಕ್ಕನನ್ನೂ ಕೂರಿಸಿಕೊಂಡು ಕಚೇರಿಗೆ ಹೊರಟೆ. ಲಿಫ್ಟಿನಲ್ಲಿ ಟೈ ಕಟ್ಟಿದವರೆಲ್ಲ ಜಾಗ ಬಿಟ್ಟು ಗೋಡೆಗೆ ಅಂಟಿಕೊಂಡರು. ಸೀಟನ್ನು ಮ್ಯಾನೇಜರ್ ಮೇಜಿನ ಮುಂದೆಯೇ ಇಳಿಸಿದೆವು.

"ಕೂತ್ಕೊಳ್ಳಿ ಸರ್. ಮುಳುಗಿದ ಸೀಟು ಇದೇ."

ಅವರು ಕೂರಲಿಲ್ಲ. ಅಂಗೈಯಿಂದ ಒತ್ತಿ ನೋಡಿದರು. ಚೆನ್ನಾಗಿ ಒಣಗಿತ್ತು. ನಾಳೆ ಕಾರು ರಸ್ತೆಯಲ್ಲಿ ನಿಂತರೆ ಯಾರ ಹೆಸರು ಕೆಡುವುದೆಂದು ಕೇಳಿದರು. ನನ್ನದೇ ಕೆಡಲಿ ಎಂದು ಅಲ್ಲೇ 'ರಿಪೇರಿಗೆ ಯೋಗ್ಯ' ಎಂದು ಬರೆದು ಸಹಿ ಹಾಕಿದೆ.

ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿ, ಪೆಟ್ರೋಲ್ ಟ್ಯಾಂಕ್ ತೊಳೆದು, ಬ್ರೇಕ್ ಬಿಚ್ಚಿ ಒಣಗಿಸಿದರು. ಬ್ಯಾಟರಿಯಲ್ಲಿ ಸ್ಟಾರ್ಟರ್ ತಿರುಗಿಸುವಷ್ಟು ಬಲ ಉಳಿದಿರಲಿಲ್ಲ. ಸುಮತಿಯಕ್ಕ ಸೆರಗು ಸಿಕ್ಕಿಸಿ, ಕಾರಿನ ಮುಂಭಾಗದಿಂದ ಎಂಜಿನ್‌ಗೆ ಹ್ಯಾಂಡಲ್ ತೂರಿಸಿ ಕೈಯಿಂದಲೇ ತಿರುಗಿಸಿದರು. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ತಿರುಗಿಸಿದಾಗ ಹಿಡಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಬೇರೇನೋ ಕಾರಣ ಹೇಳಿದರು, ನಾನು ನಂಬಲಿಲ್ಲ. ಈಗ ಅಬುಧಾಬಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಿಯಮ ಯಾರದ್ದೇ ಇರಲಿ, ಸಹಿ ನನ್ನದಾದ ಮೇಲೆ ನೋಡುವ ಕಣ್ಣೂ ನನ್ನದೇ ಆಗಿರಬೇಕೆಂದು ಈ ವೃತ್ತಿ ಕಲಿಸಿತು. ಬಾನೆಟ್ ಎತ್ತಿ ನೋಡದೆ ಇಂದಿಗೂ ಯಾವ ಕಾರನ್ನೂ ಗುಜರಿಗೆ ಕಳಿಸಿಲ್ಲ. ಕಳಿಸುವುದೂ ಇಲ್ಲ.